ಹೆರಾಲ್ಡನನ್ನು ನಿಲ್ಲಿಸಿದ ಭಾನುವಾರ

"ತಲೆ ಕಡೆ ನೀನು ಹಿಡ್ಕೊ, ಕಾಲ ಕಡೆ ನಾನು ಹಿಡ್ಕೋತೀನಿ," ಎಂದಳು ಜೀನ್, ಕ್ಲಬ್ಬಿನ ಹಿಂಬಾಗಿಲ ಮೆಟ್ಟಿಲಲ್ಲಿ ಏದುಸಿರು ಬಿಡುತ್ತ. "ಇಷ್ಟು ಭಾರದ ಗಂಡಸನ್ನ ಮೆಟ್ಟಿಲು ಹತ್ತಿಸಿ ಯಾವ ಕಾಲ ಆಯ್ತೋ. ಅವನಾದ್ರೂ ಕುಡಿದಿದ್ದ."

"ಹೆರಾಲ್ಡ್ ಕುಡಿಯಲ್ಲ," ಎಂದಳು ಲಿನೆಟ್. "ಅದಕ್ಕೇ ಇವತ್ತಿನವರೆಗೂ ತಂಡದಲ್ಲಿ ಉಳಿದಿರೋದು."

ಹೆರಾಲ್ಡ್ ಎಂದರೆ ಮನುಷ್ಯನಲ್ಲ, ಎರಡು ದೊಡ್ಡ ರೀಲುಗಳ ಟೇಪ್ ಯಂತ್ರ. ಡ್ರಮ್ ಬಾರಿಸುವವರಿಲ್ಲದ 'ಪೇಲ್ ಟೆಲಿಫೋನ್ಸ್' ತಂಡದಲ್ಲಿ ತಾಳವೂ ಅವನದೇ, ಕೆಳಸ್ವರದ ಹಿಮ್ಮೇಳವೂ ಅವನದೇ. ವೇದಿಕೆಯ ನಟ್ಟನಡುವೆ ಕುರ್ಚಿ ಹಾಕಿ ಅವನನ್ನು ಕೂರಿಸುವುದು, ಗುಂಡಿ ಒತ್ತುವುದು, ಉಳಿದವರು ಸಿಂಥಸೈಜರ್ ಎಂಬ ಕರೆಂಟಿನ ಕೀಲಿಮಣೆಗಳ ಮುಂದೆ ನಿಂತು ಅವನ ಬೆನ್ನು ಹಿಡಿದು ನುಡಿಸುತ್ತ ಹೋಗುವುದು, ಇದು ಮೊದಲಿನಿಂದ ಬಂದ ಪದ್ಧತಿ. ಗೋಡೆಗೆ ಅಂಟಿಸುವ ಭಿತ್ತಿಪತ್ರದಲ್ಲಿ ಅವನ ಹೆಸರೂ ಎಲ್ಲರ ಜೊತೆ ಅಚ್ಚಾಗುತ್ತಿತ್ತು. ಆ ಎಲ್ಲರೂ ಬದಲಾಗುತ್ತಲೇ ಇದ್ದರು. ಮೊದಲ ಹಾಡುಗಾರ ವಿಮೆ ಕಚೇರಿ ಸೇರಿದ. ಎರಡನೆಯವನಿಗೆ ದೇವರು ಸಿಕ್ಕ, ಆ ದೇವರಿಗೆ ಕರೆಂಟಿನ ವಾದ್ಯ ಆಗಿಬರುತ್ತಿರಲಿಲ್ಲ. ಆಮೇಲೆ ಟೇಪುಗಳನ್ನೆಲ್ಲ ಮಾಡುತ್ತಿದ್ದ ಜೂಲಿಯನ್ ತಾನೇ ಮುಂದೆ ಬಂದು ನಿಂತ. ಅವನ ತಗ್ಗಿದ ದಪ್ಪ ದನಿಗೆ ಕಪ್ಪು ಕೋಟು ಚೆನ್ನಾಗಿ ಒಪ್ಪಿತು. ಒಂದು ಹಾಡು ರೇಡಿಯೋದಲ್ಲಿ ಬಂತು, ಲಂಡನ್ನಿನ ರೆಕಾರ್ಡ್ ಕಂಪನಿಯೊಂದು ಕರಾರು ಮಾಡಿಕೊಂಡಿತು. ಕರಾರಿನ ಶಾಯಿ ಒಣಗುವ ಮೊದಲೇ ಜೂಲಿಯನ್ ಕಣ್ಣಿಗೆ ತಮ್ಮೂರು ಶೆಫೀಲ್ಡ್ ಚಿಕ್ಕದಾಗಿ ಕಾಣತೊಡಗಿತು.

ಮಾರುಕಟ್ಟೆಯ ಕೆಫೆಯಲ್ಲಿ ಎದುರು ಕೂತು ಅವನು ಹೇಳಿದ್ದು ಲಿನೆಟ್‌ಗೆ ಅಕ್ಷರಕ್ಷರ ನೆನಪಿತ್ತು. "ನಾನು ಅಲ್ಲಿ ಹೊಸ ತಂಡ ಕಟ್ತೀನಿ, ಲಿನ್. ಹೆಸರು ನೀನೇ ಇಟ್ಕೊ. ಆ ಹಳೇ ಟೇಪು, ಹೆರಾಲ್ಡು, ಎಲ್ಲಾ ನಿನಗೇ. ನೀನೂ ಎಷ್ಟು ದಿನ ಅಂತ ಮಾಡ್ತೀಯ." ಹಾಗೆಂದು ಅವಳ ತಟ್ಟೆಯಲ್ಲಿ ಉಳಿದಿದ್ದ ಆಲೂಗೆಡ್ಡೆ ಹೋಳನ್ನು ಬಾಯಿಗೆ ಹಾಕಿಕೊಂಡಿದ್ದ. ಕರಾರು ಆಗಿದ್ದು ತನ್ನ ಹೆಸರಲ್ಲಲ್ಲ, ತಂಡದ ಹೆಸರಲ್ಲಿ ಎಂಬುದು ಆ ಹೊತ್ತಿಗೆ ಅವನಿಗೆ ಹೊಳೆದಿರಲಿಲ್ಲ.

ಕಂಪನಿಯ ಪ್ಯಾಸ್ಕೊಗೆ ಹೊಳೆದಿತ್ತು. "ಹೆಸರು ನಿಮ್ಮ ಹತ್ರ ಇದೆ, ಸರಿ," ಎಂದಿದ್ದ ಅವನು ಫೋನಿನಲ್ಲಿ. "ಆದ್ರೆ ಹೆಸರು ಎದ್ದು ನಿಂತು ಹಾಡಲ್ವಲ್ಲ. ಈ ತಿಂಗಳೊಳಗೆ ನನಗೊಂದು ತಂಡ ತೋರಿಸಿ. ತೋರಿಸಿದ್ರೆ ಸ್ಟುಡಿಯೋ ನಿಮ್ಮದು. ಇಲ್ಲಾಂದ್ರೆ ಕರಾರು ಹರಿದು ಜೂಲಿಯನ್ ಜೊತೆ ಹೊಸದು ಬರೀತೀನಿ. ಬೇಜಾರು ಮಾಡ್ಕೋಬಾರದು."

ತಿಂಗಳೊಳಗೆ ಊರಿನ ಯಾವ ಸಭಾಂಗಣವೂ ಖಾಲಿ ಇರಲಿಲ್ಲ. ಖಾಲಿ ಇದ್ದದ್ದು ಹ್ಯಾಮರ್ ಲೇನಿನ ಕಾರ್ಮಿಕರ ಕ್ಲಬ್ಬಿನ ಭಾನುವಾರ ಮಧ್ಯಾಹ್ನದ ಆಟ ಮಾತ್ರ. ಅಲ್ಲಿ ಯಾರು ವೇದಿಕೆ ಹತ್ತಬೇಕು ಎಂದು ನಿರ್ಧರಿಸುವವನು ಲಿನೆಟ್‌ಳ ಅಪ್ಪ ವಾಲ್ಟರ್ ಬ್ರಾಡ್‌ಬೆಂಟ್. ಬರಬೇಕಿದ್ದ ಜಾದೂಗಾರನಿಗೆ ಕೆಪ್ಪಟೆರಾಯ ಆಗಿತ್ತು.

"ಮಗಳು ಅಂತ ಕೊಡ್ತಿಲ್ಲ," ಎಂದಿದ್ದ ವಾಲ್ಟರ್. "ಬೇರೆ ಯಾರೂ ಸಿಗಲಿಲ್ಲ ಅಂತ ಕೊಡ್ತಿದೀನಿ. ಜನ ಊಟಕ್ಕೆ ಮುಂಚೆ ಬಿಯರ್ ಕುಡಿಯೋಕೆ ಬರ್ತಾರೆ ಕಣಮ್ಮ. ಅವರ ತಲೆ ನೋಯಿಸಬೇಡ."

ಜೀನ್ ಆಲರೆನ್‌ಶಾ ತಂಡಕ್ಕೆ ಬಂದದ್ದು ಚಮಚಗಳ ನಡುವಿನಿಂದ. ಲಿನೆಟ್ ವಾರವಿಡೀ ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ, ತಿರುಗುವ ಚಕ್ರಕ್ಕೆ ಚಮಚ ಒತ್ತಿ ಹೊಳಪು ಕೊಡುವ ಹೆಂಗಸರ ಸಾಲಿನಲ್ಲಿ, ಪಕ್ಕದ ಚಕ್ರ ಜೀನಳದು. ಮೈಗೆ ಕಂದು ಕಾಗದ ಸುತ್ತಿಕೊಂಡು, ತಲೆಗೆ ಕೆಂಪು ವಸ್ತ್ರ ಕಟ್ಟಿಕೊಂಡು, ಮುಖವೆಲ್ಲ ಮಸಿ ಮಾಡಿಕೊಂಡು ಆಕೆ ಹಾಡುತ್ತಿದ್ದರೆ ಅಷ್ಟೂ ಚಕ್ರಗಳ ಗದ್ದಲ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು. ವಯಸ್ಸು ನಲವತ್ತು ದಾಟಿತ್ತು. ತಂಡದಲ್ಲಿ ಹಾಡ್ತೀಯಾ ಎಂದು ಲಿನೆಟ್ ಕೇಳಿದಾಗ ಆಕೆ ಚಮಚ ಕೆಳಗಿಟ್ಟು ಗಟ್ಟಿಯಾಗಿ ನಕ್ಕಿದ್ದಳು. ಆಮೇಲೆ, ನಗು ನಿಂತ ಮೇಲೆ, "ಯಾವಾಗಿಂದ?" ಎಂದಿದ್ದಳು.

ಒಂದೇ ತೊಡಕು. ಟೇಪಿನಲ್ಲಿದ್ದ ಹಿಮ್ಮೇಳವೆಲ್ಲ ಜೂಲಿಯನ್‌ನ ತಗ್ಗು ದನಿಗೆ ಮಾಡಿದ್ದು. ಹಾಡು ಲಿನೆಟ್ ಬರೆದದ್ದು, ಬೆಳಗಿನ ಬಸ್ಸಿನ ಕುರಿತು. ಆದರೆ ಅದನ್ನು ಜೂಲಿಯನ್ ತನಗೆ ಬೇಕಾದಷ್ಟು ಕೆಳಗಿಳಿಸಿ ರೀಲಿಗೆ ಹಾಕಿಬಿಟ್ಟಿದ್ದ. ಟೇಪಿನ ಶುರುವಿನಲ್ಲಿ ಒಂದು ಉದ್ದನೆಯ ಸ್ವರವಿರುತ್ತದೆ, ಎಲ್ಲರೂ ಅದಕ್ಕೇ ತಮ್ಮ ವಾದ್ಯದ ಶ್ರುತಿ ಕೂಡಿಸಿಕೊಳ್ಳಬೇಕು. ಹೆರಾಲ್ಡ್ ಯಾರಿಗಾಗಿಯೂ ಮೇಲೆ ಬರುವವನಲ್ಲ.

"ಈ ಹಾಡು ನೆಲಮಾಳಿಗೇಲಿ ಕೂತಿದೆ ಕಣೇ," ಎನ್ನುತ್ತಿದ್ದಳು ಜೀನ್ ಅಭ್ಯಾಸದಲ್ಲಿ. "ನಾನು ಬಗ್ಗಿ ಬಗ್ಗಿ ಹುಡುಕಬೇಕು."

"ಇನ್ನು ಸ್ವಲ್ಪ ದಿನ ಬಗ್ಗು. ಹೊಸ ಟೇಪ್ ಮಾಡೋಕೆ ಟೈಮಿಲ್ಲ."

*

ಹನ್ನೊಂದಕ್ಕೆಲ್ಲ ಹೆರಾಲ್ಡ್ ತನ್ನ ಕುರ್ಚಿಯಲ್ಲಿ ಕೂತಿದ್ದ. ಅವನ ಎಡಬಲಕ್ಕೆ ಎರಡು ಸಿಂಥ್, ಒಂದು ಲಿನೆಟ್‌ಗೆ, ಇನ್ನೊಂದು ತಂಡದಲ್ಲಿ ಉಳಿದಿದ್ದ ಕ್ಲೈವ್‌ಗೆ, ಅವನಿನ್ನೂ ಬಂದಿರಲಿಲ್ಲ. ಲಿನೆಟ್ ಎರಡಕ್ಕೂ ಕರೆಂಟು ಕೊಟ್ಟಳು. ಈ ಯಂತ್ರಗಳು ಚಳಿಗಾಲದ ಮುದುಕರಂತೆ, ಒಳಗೆಲ್ಲ ಬೆಚ್ಚಗಾಗುವ ತನಕ ಹೇಳಿದ ಸ್ವರದಲ್ಲಿ ನಿಲ್ಲುವುದಿಲ್ಲ. ಜಾರುತ್ತಲೇ ಇರುತ್ತವೆ. ಅರ್ಧ ಗಂಟೆ ಮುಂಚೆಯೇ ಹಚ್ಚಿಟ್ಟು, ಕಾದು, ಕೊನೆಗೆ ಟೇಪಿನ ಸ್ವರಕ್ಕೆ ಕೂಡಿಸಬೇಕು. ಅವಳು ಕಾದಳು. ಕೂಡಿಸಿದಳು. ಮೂರೂ ಒಂದೇ ಸ್ವರವಾಗಿ ಕೂಡಿದಾಗ ಖಾಲಿ ಹಾಲಿನ ಕಿಟಕಿ ಗಾಜು ಸಣ್ಣಗೆ ಗುಂಯ್‌ಗುಟ್ಟಿತು.

ಆಗ ಬಾರಿನ ಹುಡುಗಿ ಕೂಗಿದಳು. ಫೋನು.

ಕ್ಲೈವ್‌ನ ಅಮ್ಮ. "ಏನಂತ ಹೇಳ್ಲಿ ಚಿನ್ನ," ಎಂದರು ಆಕೆ. "ನಿನ್ನೆ ಲಂಡನ್‌ಗೆ ಹೋದ. ಜೂಲಿಯನ್ ಕರೆಸಿಕೊಂಡ. ನಿನಗೆ ಹೇಳೋಕೆ ಮುಖ ಇಲ್ಲ ಅಂತ ನನ್ನ ಕೈಲಿ ಹೇಳಿಸ್ತಿದಾನೆ. ಸ್ವೆಟರ್ ಕೂಡ ತಗೊಂಡು ಹೋಗಿಲ್ಲ."

ಲಿನೆಟ್ ಫೋನಿಟ್ಟು ಸ್ವಲ್ಪ ಹೊತ್ತು ಗೋಡೆಗೆ ಹಣೆ ಒತ್ತಿ ನಿಂತಳು. ಆಮೇಲೆ ಮುಂಬಾಗಿಲಿಗೆ ಹೋದಳು, ಏಕೆಂದರೆ ಪ್ಯಾಸ್ಕೊ ಬರುವ ಹೊತ್ತಾಗಿತ್ತು. ಅವನು ಉದ್ದನೆಯ ಒಂಟೆಬಣ್ಣದ ಕೋಟು ತೊಟ್ಟು ಬಂದ. ಸದಸ್ಯರಲ್ಲದವರು ಬಾಗಿಲಲ್ಲಿ ಸಹಿ ಹಾಕಬೇಕು ಎಂದಾಗ ನಕ್ಕ. ಅವನನ್ನು ಒಳಗೆ ಕರೆದು, ಬಿಯರ್ ಕೊಡಿಸಿ, ಕಂಬದ ಪಕ್ಕ ಕೂರಿಸುವ ಹೊತ್ತಿಗೆ ಹಾಲು ತುಂಬಿತ್ತು. ಹಾಸ್ಯಗಾರನೊಬ್ಬ ತನ್ನ ಅತ್ತೆಯ ಕಥೆ ಮುಗಿಸಿದ್ದ. ಚೀಟಿಯ ಸಂಖ್ಯೆ ಹೊಂದಿಸಿ ಬಹುಮಾನ ಗೆಲ್ಲುವ ಬಿಂಗೊ ಆಟ ನಡೆದಿತ್ತು. ಅಪ್ಪ ವೇದಿಕೆಯ ಮೂಲೆಯಲ್ಲಿ, ಚೆಂಡುಗಳನ್ನು ಗಾಳಿಯಲ್ಲಿ ಕುಣಿಸುವ ಪೆಟ್ಟಿಗೆಯ ಮುಂದೆ ಕೂತು ಸಂಖ್ಯೆ ಕೂಗುತ್ತಿದ್ದ. ಹೊರಗೆ ಲೋಕ ಮುಳುಗಿದರೂ ಬಿಂಗೊ ಹೊತ್ತಿನಲ್ಲಿ ಆ ಹಾಲಿನಲ್ಲಿ ಯಾರೂ ಕೆಮ್ಮುವುದಿಲ್ಲ.

"ಕ್ಲೈವ್ ಬರಲ್ಲ," ಎಂದಳು ಲಿನೆಟ್ ಜೀನಳಿಗೆ, ಪರದೆಯ ಹಿಂದೆ.

"ಸತ್ನಾ?"

"ಲಂಡನ್."

"ಎರಡೂ ಒಂದೇ," ಎಂದಳು ಜೀನ್. ತನ್ನ ಹೊಸ ಬೂದುಬಣ್ಣದ ಜಾಕೆಟ್ಟಿನ ಹೆಗಲು ಸರಿಮಾಡಿಕೊಂಡಳು. "ನಾವಿಬ್ಬರು, ಹೆರಾಲ್ಡ್ ಒಬ್ಬ. ಸಾಕಲ್ವಾ? ಕ್ಲೈವ್ ಭಾಗ ನೀನೇ ನುಡಿಸು. ಎರಡು ಕೈ ಇದೆಯಲ್ಲ."

ವಾಲ್ಟರ್ ಪೆಟ್ಟಿಗೆ ಬದಿಗಿಟ್ಟು ಮೈಕಿಗೆ ಬಂದ. "ಈಗ ದಯವಿಟ್ಟು ಸ್ವಲ್ಪ ಗಲಾಟೆ ಕಡಿಮೆ ಮಾಡಿ. ನಮ್ಮೂರಿನವರೇ, ರೇಡಿಯೋದಲ್ಲೂ ಬಂದವರು. ಪೇಲ್ ಟೆಲಿಫೋನ್ಸ್." ಮಗಳು ಎನ್ನಲಿಲ್ಲ.

ಲಿನೆಟ್ ಹೆರಾಲ್ಡನ ಗುಂಡಿ ಒತ್ತಿದಳು. ತಾಳ ಎದ್ದಿತು. ಕೆಳಸ್ವರ ಬಂತು. ಅವಳು ಎರಡೂ ಕೈ ಎರಡು ಸಿಂಥಿನ ಮೇಲೆ ಇಟ್ಟಳು.

ಮೊದಲ ಸ್ವರಕ್ಕೇ ಶ್ರುತಿ ತಪ್ಪಿತು. ಬಲಗಡೆಯದು ಒಂದು ಕಡೆ ಹೋಗುತ್ತಿತ್ತು, ಎಡಗಡೆಯದು ಇನ್ನೊಂದು ಕಡೆ, ಟೇಪು ತನ್ನ ಪಾಡಿಗೆ ತಾನು ಮೂರನೆಯ ಕಡೆ. ಮೂರು ಜನ ಮೂರು ದಾರಿಯಲ್ಲಿ ಒಂದೇ ಹೆಣ ಹೊತ್ತು ಹೋದ ಹಾಗೆ. ಗುಂಡಿ ತಿರುಗಿಸಿ ಎಳೆದು ತಂದರೆ ಮರುಗಳಿಗೆಗೆ ಮತ್ತೆ ಜಾರುತ್ತಿತ್ತು. ಜೀನ್ ಬಾಯಿ ತೆರೆದವಳು ಯಾವುದನ್ನು ಹಿಡಿಯಬೇಕೆಂದು ತಿಳಿಯದೆ ಹಾಗೇ ನಿಂತಳು. ಮುಂದಿನ ಮೇಜಿನ ಹೆಂಗಸೊಬ್ಬಳು ಕಿವಿ ಮುಚ್ಚಿಕೊಂಡಳು.

"ಬೆಕ್ಕಿನ ಬಾಲದ ಮೇಲೆ ಯಾರೋ ಕೂತಿದಾರೆ ನೋಡ್ರಪ್ಪ," ಎಂದ ಒಬ್ಬ.

"ವಾಲ್ಟರ್, ಬಿಂಗೊನೇ ಇನ್ನೊಂದು ಸಲ ಆಡಿಸು," ಎಂದ ಮತ್ತೊಬ್ಬ.

ಸಮಿತಿಯವರ ಮೇಜಿನಿಂದ ಅಧ್ಯಕ್ಷ ಆರ್ನಲ್ಡ್ ಒಂದು ಬೆರಳೆತ್ತಿದ. ಆ ಬೆರಳು ಏನೆಂದು ಕ್ಲಬ್ಬಿನಲ್ಲಿ ಬೆಳೆದ ಮಕ್ಕಳಿಗೆಲ್ಲ ಗೊತ್ತು. ಕಲಾವಿದರು ಕೆಟ್ಟದಾಗಿ ಮಾಡಿದರೆ ನಡುವಿನಲ್ಲೇ ನಿಲ್ಲಿಸಿ, ಬಸ್ಸಿನ ಚಾರ್ಜು ಕೈಗಿಟ್ಟು, ಎಲ್ಲರೆದುರು ಹಿಂಬಾಗಿಲಿನಿಂದ ಕಳಿಸಿಬಿಡುವುದು. ಒಮ್ಮೆ ಹಾಗೆ ಕಳಿಸಿದವರನ್ನು ಊರಿನ ಇನ್ಯಾವ ಕ್ಲಬ್ಬೂ ಕರೆಯುವುದಿಲ್ಲ. ಕಳಿಸುವ ಕೆಲಸ ವಾಲ್ಟರ್‌ನದು. ಅದನ್ನು ಅವನು ಎಷ್ಟೋ ಜನಕ್ಕೆ, ಅಳುವವರಿಗೂ, ಮುಖ ತಿರುಗಿಸದೆ ಮಾಡಿದ್ದ.

ಅವನು ವೇದಿಕೆಯ ಅಂಚಿಗೆ ಬಂದು ಬಗ್ಗಿದ. "ಇಳಿದುಬಿಡು ಪುಟ್ಟ."

"ಯಂತ್ರ ತಣ್ಣಗಾಗಿದೆ ಅಪ್ಪ. ನಾನು ಬೆಳಿಗ್ಗೆಯಿಂದ ಬೆಚ್ಚಗೆ ಮಾಡಿಟ್ಟಿದ್ದೆ."

"ತಣ್ಣಗೆ ಅಂದ್ರೆ?"

"ಯಾರೋ ಆರಿಸಿದಾರೆ."

ವಾಲ್ಟರ್ ಗೋಡೆಯ ಪ್ಲಗ್ಗಿನ ಕಡೆ ನೋಡಿದ, ಬಿಂಗೊ ಪೆಟ್ಟಿಗೆಯ ಕಡೆ ನೋಡಿದ. ಅವನ ಕತ್ತು ನಿಧಾನವಾಗಿ ಕೆಂಪಾಯಿತು. "ಅದು ನಾನೇ. ಚೆಂಡಿನ ಪೆಟ್ಟಿಗೆಗೆ ಪ್ಲಗ್ಗು ಬೇಕಿತ್ತು. ಆಮೇಲೆ ತಿರುಗಿ ಹಾಕಿದೆ, ದೀಪ ಎಲ್ಲಾ ಬಂತು. ರೇಡಿಯೋ ಹಾಗೇ ಅಂದ್ಕೊಂಡೆ ಕಣಮ್ಮ." ಅವನು ದನಿ ಇನ್ನೂ ತಗ್ಗಿಸಿದ. "ತಪ್ಪು ನಂದೇ. ಆದ್ರೂ ಇಳಿ. ಆರ್ನಲ್ಡ್ ಬೆರಳೆತ್ತಿದಾನೆ. ಈ ಜನ ಇನ್ನು ಸ್ವಲ್ಪ ಹೊತ್ತಿಗೆ ನಿನ್ನ ಹರಿದು ತಿಂತಾರೆ. ನನ್ನ ಕಣ್ಣೆದುರಿಗೆ ಬೇಡ."

ಲಿನೆಟ್ ಕಂಬದ ಕಡೆ ನೋಡಿದಳು. ಪ್ಯಾಸ್ಕೊ ಗಡಿಯಾರ ನೋಡಿಕೊಳ್ಳುತ್ತಿದ್ದ. ಈಗ ಇಳಿದರೆ ಹೆಸರೂ ಇಳಿದು ಹೋಗುತ್ತದೆ. ನಾಳೆ ಬೆಳಿಗ್ಗೆ ಕಾಗದ ಸುತ್ತಿಕೊಂಡು ಚಕ್ರದ ಮುಂದೆ ಕೂರುವುದು, ತಾನು ಬರೆದ ಬಸ್ಸಿನ ಹಾಡನ್ನು ಜೂಲಿಯನ್ ಹಾಡುವುದನ್ನು ರೇಡಿಯೋದಲ್ಲಿ ಕೇಳುವುದು. ಅದೂ ನೆಲಮಾಳಿಗೆಯಲ್ಲಿ.

"ನಾನು ಇಳಿಯಲ್ಲ," ಎಂದಳು. "ಬೇರೆಯವರಿಗೆ ಎರಡನೇ ಅವಕಾಶ ಕೊಡ್ತೀಯಲ್ಲ, ಗಂಟಲು ಕಟ್ಟಿದೆ ಅಂದ್ರೆ. ನನ್ನ ಗಂಟಲು ಕಟ್ಟಿದೆ ಅಂತ ಹೇಳು. ಒಂದು ನಿಮಿಷ ಕೇಳು ಅವರ ಹತ್ರ."

ವಾಲ್ಟರ್ ಅವಳ ಮುಖ ನೋಡಿದ. ಆಮೇಲೆ ಮೈಕು ಹಿಡಿದು, ಆರ್ನಲ್ಡ್‌ನ ಬೆರಳಿನ ಕಡೆ ಬೆನ್ನು ತಿರುಗಿಸಿ ಹೇಳಿದ: "ಮಹನೀಯರೇ, ತಾಂತ್ರಿಕ ತೊಂದರೆ. ಅದನ್ನ ಮಾಡಿದ ಪೆದ್ದ ನಾನೇ. ಬೈಯೋದಿದ್ರೆ ನನ್ನನ್ನ ಬೈಯಿರಿ, ಅವರು ಸರಿಮಾಡ್ಕೊಳ್ಲಿ."

ಬೈಯುವುದಕ್ಕೆ ಅನುಮತಿ ಸಿಕ್ಕ ಖುಷಿಯಲ್ಲಿ ಜನ ಅವನ ಮೇಲೆ ಬಿದ್ದರು. ವಾಲ್ಟರ್‌ನ ಕಾಲುಚೀಲದಿಂದ ಹಿಡಿದು ಅವನು ಕೂಗುವ ಬಿಂಗೊ ಸಂಖ್ಯೆಗಳ ತನಕ ಎಲ್ಲ ಹೊರಬಂತು. ಆ ಗದ್ದಲದಲ್ಲಿ ಲಿನೆಟ್ ಹೆರಾಲ್ಡನ ಮುಂದೆ ಬಗ್ಗಿ ಗುಂಡಿ ಒತ್ತಿದಳು. ರೀಲುಗಳು ನಿಂತವು. ನಡುಹಾಡಿನಲ್ಲಿ ಅವನನ್ನು ಯಾರೂ ಹಾಗೆ ನಿಲ್ಲಿಸಿದ್ದಿಲ್ಲ.

"ಅಯ್ಯೋ, ಅವನಿಲ್ದೆ ಹೆಂಗೆ?" ಎಂದಳು ಜೀನ್.

"ಯಂತ್ರ ಬೆಚ್ಚಗಾಗೋಕೆ ಅರ್ಧ ಗಂಟೆ ಬೇಕು. ಅಲ್ಲಿತನಕ ಜಾರ್ತಾನೇ ಇರುತ್ತೆ, ಅವನ ಜೊತೆ ಕೂಡಲ್ಲ. ನಿನ್ನ ಜೊತೆ ಕೂಡುತ್ತೆ. ಅದು ಜಾರಿದ್ರೆ ನೀನೂ ಜೊತೆಗೆ ಜಾರು, ಯಾರಿಗೂ ಗೊತ್ತಾಗಲ್ಲ." ಲಿನೆಟ್ ಆಗಲೇ ಎಡಗಡೆಯ ಸಿಂಥಿನ ಗುಂಡಿಗಳನ್ನು ತಿರುಗಿಸುತ್ತಿದ್ದಳು. ಅದರ ಸ್ವರವನ್ನೆಲ್ಲ ಹಿಂಡಿ ತೆಗೆದು, ಕೀಲಿ ಒತ್ತಿರುವ ತನಕ ತಾನಾಗೇ ಬೀಳುತ್ತಿರುವ ಧಪ್ ಎಂಬ ಬರೀ ಒಂದು ಬಡಿತ ಉಳಿಸಿದಳು. ಧಪ್. ಧಪ್. ಮೇಜಿನ ಮೇಲಿದ್ದ, ಬಿಯರ್ ಲೋಟದಡಿ ಇಡುವ ರಟ್ಟೊಂದನ್ನು ಮಡಚಿ, ಕೀಲಿಮಣೆಯ ಸಂದಿಗೆ ತುರುಕಿ, ಒತ್ತಿದ ಕೀಲಿ ಒತ್ತಿದಂತೆಯೇ ಇರುವ ಹಾಗೆ ಮಾಡಿದಳು. "ಈಗ ಹಾಡು. ಚಕ್ರದ ಮುಂದೆ ಹಾಡ್ತೀಯಲ್ಲ, ಹಾಗೆ. ನಿನಗೆ ಎಲ್ಲಿ ಸಲೀಸೋ ಅಲ್ಲಿಂದ."

"ಎಲ್ಲಿ ಬೇಕಾದ್ರೂ?"

"ನೀನು ಮೊದಲು ನಿಲ್ಲು. ನಾನು ಬಂದು ನಿನ್ನ ಸೇರ್ಕೋತೀನಿ."

ಜೀನ್ ಜಾಕೆಟ್ಟಿನ ಗುಂಡಿ ಬಿಚ್ಚಿದಳು. ಎದೆ ತುಂಬ ಉಸಿರೆಳೆದುಕೊಂಡಳು.

*ಬೆಳಗಿನ ಬಸ್ಸಿನ ಮಂಜಿನ ಗಾಜಿಗೆ*
*ಬರೆದೆನು ನನ್ನ ಹೆಸರ*

ಹಾಡು ನೆಲಮಾಳಿಗೆಯಿಂದ ಎದ್ದು ಮಾಳಿಗೆಗೆ ಹೋಗಿ ನಿಂತಿತು. ಲಿನೆಟ್ ತನ್ನ ಸಿಂಥಿನ ಶ್ರುತಿಯನ್ನು ಎಲ್ಲರೆದುರೇ, ಕೇಳಿಸುವಂತೆಯೇ, ಕೆಳಗಿನಿಂದ ಎಳೆದು ಎಳೆದು ಮೇಲೆ ತಂದಳು. ಬಾವಿಯಿಂದ ಕೊಡ ಸೇದಿದ ಹಾಗೆ. ಕೊನೆಗೆ ಜೀನಳ ದನಿಯ ಅಡಿಗೆ ತಂದು ಮುಟ್ಟಿಸಿದಳು. ಮುಟ್ಟಿದ ಕೂಡಲೇ ಹಾಲಿನ ಹಿಂದುಗಡೆ ಬೈಗುಳ ನಡುವಿನಲ್ಲೇ ತುಂಡಾಯಿತು.

ಎಲ್ಲರೂ ಮೆಚ್ಚಿದರೆಂದಲ್ಲ. "ಯಾರೋ ಗೋಡೆಗೆ ಮೊಳೆ ಹೊಡೀತಾನೇ ಇದಾರಲ್ಲ," ಎಂದು ಒಬ್ಬ ಕೊನೆಯ ತನಕ ಗೊಣಗಿದ. ಇಬ್ಬರು ಎದ್ದು ಬಾರಿಗೆ ಹೋದರು. ಆದರೆ ಚಮಚದ ಕಾರ್ಖಾನೆಯ ಹೆಂಗಸರು ಕೂತಿದ್ದ ಮೇಜು ಎರಡನೆಯ ಸಾಲಿಗೇ ಕೈ ತಟ್ಟುತ್ತ ಧಪ್ ಧಪ್ಪಿನ ಜೊತೆ ಸೇರಿತು. ಅದು ಅವರ ಕೈಗೆ ಗೊತ್ತಿದ್ದ ಬಡಿತ. ಹಾಡಿನ ನಡುವೆ ಸಿಂಥ್ ಎರಡು ಸಲ ಜಾರಿತು. ಎರಡು ಸಲವೂ ಜೀನ್ ಕಣ್ಣು ಮಿಟುಕಿಸದೆ ಅದರ ಜೊತೆ ಜಾರಿ, ಜೊತೆಯಲ್ಲೇ ಎದ್ದಳು. ಮುಗಿದಾಗ ಚಪ್ಪಾಳೆ ಬಂತು. ಆರ್ನಲ್ಡ್‌ನ ಬೆರಳು ಯಾವಾಗಲೋ ಲೋಟದ ಸುತ್ತ ಹೋಗಿತ್ತು.

*

ಕಡುಬು, ಬಟಾಣಿ ತಿನ್ನುವ ಬಿಡುವು. ತಂಡದ ಎರಡನೆಯ ಸರದಿ ಅದಾದ ಮೇಲೆ. ಪ್ಯಾಸ್ಕೊ ಬಾರಿನ ಮೂಲೆಯಲ್ಲಿ ಲಿನೆಟ್‌ಳನ್ನು ಹಿಡಿದ. ಅವನ ಕಣ್ಣು ಹೊಳೆಯುತ್ತಿತ್ತು.

"ಆ ಬಡಿತ ನನಗೆ ಬೇಕು," ಎಂದ. "ಅದನ್ನ ಹಾಗೇ ರೆಕಾರ್ಡಿಗೆ ಹಾಕ್ಬೇಕು. ಜೂಲಿಯನ್ ಹತ್ರ ಇಂಥದ್ದಿಲ್ಲ, ನಾನು ಕೇಳಿದೀನಿ. ಸ್ಟುಡಿಯೋ ನಿಮ್ಮದು ಅಂದ್ಕೊಳ್ಳಿ."

"ಯಾವಾಗ ಬರಬೇಕು ನಾವು?"

"ನೀವೊಬ್ಬರೇ," ಎಂದು ಅವನು ಆ ಪದವನ್ನು ಒತ್ತಿ ಹೇಳಿದ. "ಆಕೆ ದನಿ ದೊಡ್ಡದು, ಒಪ್ಕೋತೀನಿ. ಆದ್ರೆ ನೋಡಿ, ಹುಡುಗರು ಪತ್ರಿಕೆಯಿಂದ ಫೋಟೋ ಕತ್ತರಿಸಿ ಗೋಡೆಗೆ ಅಂಟಿಸ್ಕೋಬೇಕು. ಆ ಫೋಟೋದಲ್ಲಿ ಅವರ ಅಮ್ಮ ಇರಬಾರದು. ನಿಮ್ಮ ವಯಸ್ಸಿನ ಇಬ್ಬರು ಹುಡುಗೀರನ್ನ ನಾನೇ ಹುಡುಕ್ತೀನಿ. ತಂಡ ಅಂದ್ಮೇಲೆ ಜನ ಬದಲಾಗ್ತಾರೆ, ನಿಮಗೆ ಹೊಸದಲ್ವಲ್ಲ."

"ಹೊಸದಲ್ಲ."

"ಮತ್ತೆ?"

"ಇಲ್ಲೀತನಕ ಎಲ್ಲರೂ ತಾವಾಗೇ ಹೋದ್ರು, ಮಿಸ್ಟರ್ ಪ್ಯಾಸ್ಕೊ. ನಾನು ಯಾರನ್ನೂ ಕಳಿಸಿಲ್ಲ."

"ಯೋಚನೆ ಮಾಡಿ," ಎಂದ ಅವನು, ಕೋಟಿನ ಬೆಲ್ಟು ಬಿಗಿಯುತ್ತ. "ನನ್ನ ರೈಲು ಇನ್ನೇನು ಹೊರಡುತ್ತೆ. ಸ್ಟೇಷನ್ನಿಗೆ ಹೋಗೋ ಮುಂಚೆ ನನಗೊಂದು ಮಾತು ಬೇಕು. ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಜೂಲಿಯನ್‌ಗೆ ಫೋನ್ ಮಾಡ್ತೀನಿ."

ಜೀನ್ ಎರಡು ಮೇಜಿನಾಚೆ ನಿಂತು ಕಡುಬಿಗೆ ವಿನಿಗರ್ ಹಾಕಿಕೊಳ್ಳುತ್ತಿದ್ದಳು. ಚಕ್ರಗಳ ಗದ್ದಲದಲ್ಲಿ ತುಟಿ ನೋಡಿಯೇ ಮಾತು ತಿಳಿಯುವುದು ಆ ಕಾರ್ಖಾನೆಯ ಹೆಂಗಸರಿಗೆಲ್ಲ ಅಭ್ಯಾಸ. ಲಿನೆಟ್ ಹತ್ತಿರ ಬಂದಾಗ ಆಕೆ ತಲೆಯೆತ್ತಲಿಲ್ಲ.

"ಹೋಗು ಕಣೇ," ಎಂದಳು. "ನನಗೆ ಸೋಮವಾರ ಕೆಲಸ ಇದೆ. ಇವತ್ತು ಒಂದಿನ ಹಾಡಿದೆ, ಚೆನ್ನಾಗಿತ್ತು. ನಾನು ಬೇಜಾರು ಮಾಡ್ಕೊಳಲ್ಲ."

"ಕಡುಬು ಬೇಗ ತಿನ್ನು. ಯಂತ್ರ ಬೆಚ್ಚಗಾಗಿದೆ."

"ನಾನೇನು ಹೇಳಿದೆ, ನೀನೇನು ಹೇಳ್ತಿದೀಯ."

"ಕೇಳಿಸ್ತು. ಬೇಗ ತಿನ್ನು."

ಜನ ಅರ್ಧದಷ್ಟಾಗಿದ್ದರು. ಮಿಕ್ಕವರು ಮನೆಯ ಊಟಕ್ಕೆ ಹೋಗಿದ್ದರು. ಲಿನೆಟ್ ಹೆರಾಲ್ಡನನ್ನು ಕುರ್ಚಿ ಸಮೇತ ಪರದೆಯ ಬದಿಗೆ ಎಳೆದಿಟ್ಟಳು. ನಡುವಿನ ಜಾಗ ಖಾಲಿಯಾಯಿತು. ಅಲ್ಲಿಗೆ ಮೈಕು ತಂದು ಜೀನಳ ಬಾಯಿಯ ಎತ್ತರಕ್ಕೆ ಏರಿಸಿದಳು. ವಾಲ್ಟರ್ ಹೆಸರು ಕೂಗಲು ಎದ್ದಾಗ ಅವಳು ಕೈ ಅಡ್ಡ ಹಿಡಿದಳು.

"ನಾನೇ ಹೇಳ್ತೀನಿ ಅಪ್ಪ."

ಒಂಟೆಬಣ್ಣದ ಕೋಟು ಬಾಗಿಲಲ್ಲಿ ನಿಂತಿತ್ತು, ಒಂದು ಕೈ ಹಿಡಿಕೆಯ ಮೇಲೆ.

"ನಾವು ಪೇಲ್ ಟೆಲಿಫೋನ್ಸ್," ಎಂದಳು ಲಿನೆಟ್, ಬಾಗಿಲಿನ ತನಕ ಕೇಳಿಸುವಷ್ಟು. "ಹಾಡೋದು ಜೀನ್ ಆಲರೆನ್‌ಶಾ. ನುಡಿಸೋದು ಲಿನೆಟ್ ಬ್ರಾಡ್‌ಬೆಂಟ್. ತಂಡ ಇಷ್ಟೇ."

ಜೀನ್ ತುಟಿಯ ಮೇಲಿನ ಬಟಾಣಿ ಸಾರು ಒರೆಸಿಕೊಂಡು ಮೈಕಿಗೆ ಬಂದಳು. ಲಿನೆಟ್ ಕೀಲಿ ಒತ್ತಿ ರಟ್ಟು ತುರುಕಿದಳು. ಧಪ್. ಧಪ್.

ಮುಂದಿನ ಸಾಲಿನಲ್ಲಿ ಸ್ಯಾಮ್ ಕ್ರೂಕ್ಸ್ ಎಂಬ ಮುದುಕ ಒಬ್ಬನೇ ಕೂತಿದ್ದ. ಜೀವಮಾನವೆಲ್ಲ ಉಕ್ಕು ಬಡಿಯುವ ದೊಡ್ಡ ಸುತ್ತಿಗೆಯ ಕೆಳಗೆ ಕೆಲಸ ಮಾಡಿ ಅವನ ಎರಡು ಕಿವಿಯೂ ಹೋಗಿದ್ದವು. ಕ್ಲಬ್ಬಿಗೆ ಬರುವುದು ಕೂರುವುದಕ್ಕೆ ಮಾತ್ರ. ಅವನು ಎದ್ದು, ತನ್ನ ಲೋಟವನ್ನು ಎರಡು ಕೈಯಲ್ಲಿ ಹಿಡಿದು ತಂದು, ವೇದಿಕೆಯ ಸ್ಪೀಕರ್ ಪೆಟ್ಟಿಗೆಯ ಮೇಲೆ ಮೆಲ್ಲಗೆ ಇಟ್ಟ. ಪ್ರತಿ ಧಪ್ಪಿಗೂ ಬಿಯರಿನ ಮೇಲೆ ಸಣ್ಣ ಉಂಗುರಗಳು ಎದ್ದವು, ಅಂಚಿಗೆ ಹೋದವು, ಮತ್ತೆ ನಡುವಿನಿಂದ ಎದ್ದವು. ಮುದುಕ ಬಗ್ಗಿ, ಕುಡಿಯುವುದನ್ನು ಮರೆತು, ಅವನ್ನೇ ನೋಡುತ್ತ ನಿಂತ.